ಒಂದೇ ಅಕ್ಷರ ಬಲ್ಲವನ ನಾಣ್ಯ

ನಾನು ನಾಣ್ಯ ಕೂಡಿಸೋದು ಚೆಂದಕ್ಕೆ. ಮುಂದೆ ಬೆಲೆ ಬರುತ್ತೆ ಅಂತಲ್ಲ. ಚಿನ್ನದ ಗಣಿ ಇದ್ದ ಜಿಲ್ಲೆಯಲ್ಲಿ ಹುಟ್ಟಿ ಅಮೆರಿಕದ ಬೆಳ್ಳಿ ಹುಡುಕ್ತೀಯಲ್ಲಪ್ಪ ಅಂತ ಕೋಲಾರದ ಗೆಳೆಯರು ರೇಗಿಸ್ತಾರೆ. ನನ್ನ ಹತ್ತಿರ ಇರೋದರಲ್ಲಿ ಅತಿ ಚೆಂದದ್ದು ಒಂದು ಅರ್ಧ ಡಾಲರ್. ಅಡಾಲ್ಫ್ ವೈನ್‌ಮನ್ ಎಂಬ ಶಿಲ್ಪಿ ರೂಪಿಸಿದ್ದು, 1916ರಿಂದ 1947ರವರೆಗೆ ಅಚ್ಚಾದದ್ದು. ತೂಕ 12.5 ಗ್ರಾಂ, ನೂರಕ್ಕೆ 90 ಭಾಗ ಬೆಳ್ಳಿ. ಬಾವುಟವನ್ನೇ ಹೊದ್ದ ಸ್ವಾತಂತ್ರ್ಯದೇವಿ ಹುಟ್ಟುವ ಸೂರ್ಯನ ಕಡೆ ಹೆಜ್ಜೆ ಹಾಕ್ತಿದ್ದಾಳೆ. ಅಧ್ಯಕ್ಷನ ಮುಖ ಇಲ್ಲ, ಹೆಸರೂ ಇಲ್ಲ.

ಆದರೆ ಆ ನಾಣ್ಯ ಹೊರಬಂದ 1916ರಲ್ಲಿ ಅಮೆರಿಕದ ಬಹುಪಾಲು ಹೆಂಗಸರಿಗೆ ಅಧ್ಯಕ್ಷರನ್ನು ಆರಿಸುವ ಮತವೇ ಇರಲಿಲ್ಲ. ದೇಶದ ಸಂವಿಧಾನ ಅದನ್ನು ಒಪ್ಪಿದ್ದು 1920ರಲ್ಲಿ. ಸ್ವಾತಂತ್ರ್ಯಕ್ಕೆ ಹೆಣ್ಣಿನ ರೂಪ ಕೊಟ್ಟ ದೇಶ ಹೆಣ್ಣಿಗೆ ಸ್ವಾತಂತ್ರ್ಯ ಕೊಟ್ಟಿರಲಿಲ್ಲ. ನಾಣ್ಯದ ಮುಖ ನೋಡಿ ರಾಜ್ಯದ ಮನಸ್ಸು ಓದೋಕೆ ಹೋದರೆ ಹೀಗೆ ಮೋಸ ಹೋಗ್ತೀವಿ ಅನ್ನೋದು ನಾನು ಆ ಬೆಳ್ಳಿಯಿಂದ ಕಲಿತ ಪಾಠ. ಅದು ನನಗೆ ಉಪಯೋಗಕ್ಕೆ ಬಂದದ್ದು ನಮ್ಮದೇ ಜಿಲ್ಲೆಯ ಒಬ್ಬ ಮನುಷ್ಯನನ್ನು ಅರ್ಥ ಮಾಡಿಕೊಳ್ಳುವಾಗ.

ಅವನು ಹೈದರ್ ಅಲಿ. ಬೆಂಗಳೂರಿನ ಒಂದು ನಾಣ್ಯ ಪ್ರದರ್ಶನದಲ್ಲಿ ಅವನ ಚಿನ್ನದ ವರಹ ನೋಡಿದೆ. ಮೂರೂವರೆ ಗ್ರಾಂ ಕೂಡ ತೂಗದ ಪುಟ್ಟ ಬಿಲ್ಲೆ. ಒಂದು ಕಡೆ ಜೊತೆಯಾಗಿ ಕೂತ ಶಿವ ಪಾರ್ವತಿ. ಇನ್ನೊಂದು ಕಡೆ ಚುಕ್ಕಿಗಳ ನಡುವೆ ಒಂದೇ ಒಂದು ಅಕ್ಷರ, ಫಾರಸಿ ಲಿಪಿಯ ‘ಹೇ’. ಹೈದರ್ ಹೆಸರಿನ ಮೊದಲಕ್ಷರ. ಅಷ್ಟೇ. ಬಿರುದಿಲ್ಲ, ಪೂರ್ತಿ ಹೆಸರೂ ಇಲ್ಲ.

ಇದರ ಫೋಟೊ ಒಂದಲ್ಲ ಒಂದು ವಾಟ್ಸ್‌ಆ್ಯಪ್ ಗುಂಪಿನಲ್ಲಿ ನಿಮಗೂ ಬಂದಿರುತ್ತೆ. ಒಬ್ಬರು ನೋಡಿ ಎಂಥ ಸೌಹಾರ್ದದ ಅರಸ ಅಂತ ಬರೆದಿರ್ತಾರೆ. ಕೆಳಗೆ ಇನ್ನೊಬ್ಬರು ಇದೆಲ್ಲ ನಾಟಕ ಅಂತ ಬರೆದಿರ್ತಾರೆ. ಇಬ್ಬರೂ ಅವನ ಮನಸ್ಸಿನೊಳಗೆ ಇಣುಕೋಕೆ ಹೋಗ್ತಿದ್ದಾರೆ. ನಾನು ಅವನ ಬದುಕು ಏನು ಹೇಳುತ್ತೆ ಅಂತ ನೋಡೋಣ ಅಂದುಕೊಂಡೆ.

ಹೈದರ್ ಹುಟ್ಟಿದ್ದು 1720ರ ಆಸುಪಾಸಿನಲ್ಲಿ, ಈಗಿನ ಬಂಗಾರಪೇಟೆ ತಾಲ್ಲೂಕಿನ ಬೂದಿಕೋಟೆಯಲ್ಲಿ. ಅರಮನೆಯಲ್ಲಲ್ಲ. ಅಪ್ಪ ಫತೇ ಮಹಮ್ಮದ್ ಶಿರಾ ನವಾಬನ ಕೈಕೆಳಗಿನ ಸೇನಾಧಿಕಾರಿ. ಹುಡುಗ ಇನ್ನೂ ಚಿಕ್ಕವನಿರುವಾಗಲೇ ಅಪ್ಪ ಯುದ್ಧದಲ್ಲಿ ಸತ್ತ. ಯಜಮಾನಿಕೆಯವರು ಬಾಕಿ ಹಣಕ್ಕಾಗಿ ಮನೆಯಲ್ಲಿದ್ದುದನ್ನೆಲ್ಲ ಕಿತ್ತುಕೊಂಡು ಹುಡುಗರನ್ನೂ ಹಿಂಸಿಸಿದರು. ಅಪ್ಪನ ಸಮಾಧಿ ಇರುವ ಮಕ್ಬರಾ ಇವತ್ತಿಗೂ ಕೋಲಾರದಲ್ಲಿದೆ. ಸಾಲಕ್ಕೆ ಸಿಕ್ಕ ಮನೆಯ ಹುಡುಗನಿಗೆ ದುಡ್ಡು ಅಂದರೆ ಏನು ಅನ್ನೋದು ಬೇರೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಅವನು ಓದು ಬರಹ ಕಲಿಯಲಿಲ್ಲ. ಬರೆಯಲು ಬರುತ್ತಿದ್ದದ್ದು ತನ್ನ ಹೆಸರಿನ ಮೊದಲಕ್ಷರ ಒಂದೇ, ಅದನ್ನೂ ತಿರುಗುಮುರುಗಾಗಿ ಬರೆಯುತ್ತಿದ್ದ ಎಂದು ಚರಿತ್ರೆಕಾರ ವಿಲ್ಕ್ಸ್ ದಾಖಲಿಸಿದ್ದಾನೆ. ಆ ಅಕ್ಷರವೇ ಅವನ ರುಜು. ವರಹದ ಹಿಂಬದಿ ಇರೋದೂ ಅದೇ ಅಕ್ಷರ. ಆದರೆ ಅವನಿಗೆ ಹಲವು ಭಾಷೆ ಮಾತಾಡಲು ಬರುತ್ತಿತ್ತು. ಲೆಕ್ಕ, ಮುಖ, ಕೇಳಿದ ಮಾತು ಯಾವುದೂ ಮರೆಯುತ್ತಿರಲಿಲ್ಲ. ಕನ್ನಡ, ತೆಲುಗು, ತಮಿಳು, ದಖನಿ ಒಂದೇ ಸಂತೆಯಲ್ಲಿ ಕಲೆಯುವ ನಮ್ಮ ಗಡಿಸೀಮೆಯವನಿಗೆ ಬಹುಶಃ ಅದು ದೊಡ್ಡ ಮಾತೂ ಆಗಿರಲಿಲ್ಲ.

1749ರಲ್ಲಿ ಮೈಸೂರು ಸೇನೆ ದೇವನಹಳ್ಳಿ ಕೋಟೆಗೆ ಮುತ್ತಿಗೆ ಹಾಕಿತು. ಅಲ್ಲಿ ಅವನ ಧೈರ್ಯ ಮೈಸೂರಿನ ಸರ್ವಾಧಿಕಾರಿ ನಂಜರಾಜನ ಕಣ್ಣಿಗೆ ಬಿತ್ತು. 1755ರಲ್ಲಿ ದಿಂಡಿಗಲ್ಲಿನ ಫೌಜುದಾರನಾದ. ಅಲ್ಲಿ ಫ್ರೆಂಚ್ ಕುಶಲಕರ್ಮಿಗಳನ್ನು ಇಟ್ಟುಕೊಂಡು ತೋಪು ಮದ್ದುಗುಂಡಿನ ಕಾರ್ಖಾನೆ ನಡೆಸಿದ. ಮೈಸೂರಿನಲ್ಲಿ ಸಂಬಳ ಸಿಗದೆ ಸೈನಿಕರು ದಂಗೆ ಎದ್ದಾಗ ಬಾಕಿ ತೀರಿಸಿ ಸುಮ್ಮನಾಗಿಸಿದವನೂ ಅವನೇ. ಕತ್ತಿಯ ಜೊತೆ ಕಾಸಿನ ಲೆಕ್ಕವೂ ಗೊತ್ತಿದ್ದದ್ದೇ ಅವನ ನಿಜವಾದ ಬಲ.

1760ರಲ್ಲಿ ಅವನ ಜೊತೆಗಾರ ಖಂಡೇರಾಯ ಅರಮನೆಯವರೊಂದಿಗೆ ಸೇರಿ ತಿರುಗಿಬಿದ್ದ. ಹೈದರ್ ಹೆಂಡತಿ ಮಕ್ಕಳನ್ನು ಶ್ರೀರಂಗಪಟ್ಟಣದಲ್ಲೇ ಬಿಟ್ಟು ರಾತ್ರೋರಾತ್ರಿ ಓಡಬೇಕಾಯಿತು. ಮರುವರ್ಷ ಗೆದ್ದು ಬಂದು ಖಂಡೇರಾಯನನ್ನು ಕಬ್ಬಿಣದ ಪಂಜರದಲ್ಲಿಟ್ಟ. ಅಲ್ಲಿಂದ ಮುಂದೆ ರಾಜ್ಯ ಅವನದೇ. ಆದರೂ ಸಿಂಹಾಸನ ಏರಲಿಲ್ಲ. ಒಡೆಯರನ್ನು ಹೆಸರಿಗೆ ಅರಸರಾಗಿ ಉಳಿಸಿದ, ದಸರೆಯಲ್ಲಿ ಜನರಿಗೆ ತೋರಿಸಿದ. ಇದನ್ನು ಮರ್ಯಾದೆ ಅಂತ ಮಾತ್ರ ಓದಿದರೆ ತಪ್ಪಾಗುತ್ತೆ. 1770ರಲ್ಲಿ ಎಳೆಯ ಅರಸ ನಂಜರಾಜ ಒಡೆಯರ್ ಕೊಲೆಯಾದದ್ದು ಹೈದರನ ಅಪ್ಪಣೆಯಿಂದಲೇ ಎಂಬ ಆರೋಪ ಚರಿತ್ರೆಯಲ್ಲಿದೆ.

ವರಹದ ಕಥೆ ಶುರುವಾಗೋದು 1763ರಲ್ಲಿ. ಆ ವರ್ಷ ಅವನು ಕೆಳದಿ ನಾಯಕರ ರಾಜಧಾನಿ ಬಿದನೂರನ್ನು ಹಿಡಿದ. ರಾಣಿ ವೀರಮ್ಮಾಜಿಯನ್ನು ಸೆರೆಹಿಡಿದು ಮಧುಗಿರಿ ಕೋಟೆಗೆ ಕಳಿಸಿದ. ತನ್ನ ವಿರುದ್ಧ ಸಂಚು ನಡೆದಿದೆ ಅಂತ ನೂರಾರು ಜನರನ್ನು ಕೊಲ್ಲಿಸಿದ. ಊರಿಗೆ ಹೈದರ್‌ನಗರ ಅಂತ ಹೆಸರಿಟ್ಟ. ಈಗಿನ ನಗರ ಅದೇ. ಅಲ್ಲಿ ಸಿಕ್ಕ ಸಂಪತ್ತೇ ಮುಂದಿನ ಅವನ ಎಲ್ಲ ದಂಡಯಾತ್ರೆಗಳಿಗೂ ಬುನಾದಿ.

ಊರಿನ ಹೆಸರು ಬದಲಾಯಿಸಿದವನು ನಾಣ್ಯದ ಚಿತ್ರ ಬದಲಾಯಿಸಲಿಲ್ಲ. ಕೆಳದಿ ನಾಯಕರ ಇಕ್ಕೇರಿ ವರಹದಲ್ಲಿ ಶಿವ ಪಾರ್ವತಿ ಇದ್ದರು. ಅವರಿಗೆ ಆ ಮಾದರಿ ಬಂದದ್ದು ವಿಜಯನಗರದಿಂದ. ಎರಡನೇ ಹರಿಹರನ ಕಾಲದ ನಾಣ್ಯಗಳಲ್ಲೇ ಉಮಾಮಹೇಶ್ವರ ಇದ್ದಾರೆ. ನಮ್ಮ ಮುಳಬಾಗಿಲು ವಿಜಯನಗರದ ಒಂದು ಪ್ರಾಂತ್ಯದ ರಾಜಧಾನಿಯಾಗಿದ್ದ ಕಾಲ ಅದು. ಅಂದರೆ ಹೈದರನ ಕೈಗೆ ಬರುವ ಹೊತ್ತಿಗೆ ಆ ಚಿತ್ರಕ್ಕೆ ಮುನ್ನೂರೈವತ್ತು ವರ್ಷಕ್ಕೂ ಹೆಚ್ಚಿನ ವಯಸ್ಸಾಗಿತ್ತು. ಓದು ಬಾರದ ರೈತನಿಗೂ, ಮೆಣಸು ಅಡಿಕೆ ಮಾರುವವನಿಗೂ, ಕರಾವಳಿಯ ವ್ಯಾಪಾರಿಗೂ ಆ ಜೋಡಿ ಕಂಡರೆ ಚಿನ್ನ ಸರಿಯಾಗಿದೆ ಅಂತ ಅರ್ಥ. ಚಿತ್ರ ಬದಲಾಯಿಸಿದರೆ ಚಿನಿವಾರ ವಟ್ಟ ಹಿಡಿಯುತ್ತಾನೆ, ಸಿಪಾಯಿಯ ಸಂಬಳಕ್ಕೆ ಬೆಲೆ ಇಳಿಯುತ್ತೆ. ಕೋಟೆಯನ್ನು ಫಿರಂಗಿಯಿಂದ ಹಿಡಿಯಬಹುದು. ಸಂತೆಯ ನಂಬಿಕೆಯನ್ನು ಹಾಗೆ ಹಿಡಿಯೋಕಾಗಲ್ಲ. ಅದಕ್ಕೇ ಹಿಂಬದಿಯಲ್ಲಿ ತನ್ನ ರುಜು ಹಾಕಿ ಮುಂಬದಿಯನ್ನು ಜನರಿಗೇ ಬಿಟ್ಟ ಅಂತ ನಾನು ಓದ್ತೀನಿ.

ಕಂಪನಿಯ ಜೊತೆಗಿನ ಮೊದಲ ಯುದ್ಧ ನಮ್ಮ ಸೀಮೆಯಲ್ಲೇ ನಡೆಯಿತು. 1768ರಲ್ಲಿ ಇಂಗ್ಲಿಷರು ಮುಳಬಾಗಿಲು, ಕೋಲಾರ ಹಿಡಿದರು. ಅವರ ಜೊತೆಗಾರ ಆರ್ಕಾಟ್ ನವಾಬ ಮಹಮ್ಮದ್ ಅಲಿ ಕೋಲಾರಕ್ಕೇ ಬಂದು ಕೂತ. ಅದೇ ವರ್ಷ ಅಕ್ಟೋಬರಿನಲ್ಲಿ ಮುಳಬಾಗಿಲಿನ ಬಂಡೆಗಳ ನಡುವೆ ಹೈದರನಿಗೂ ಕರ್ನಲ್ ವುಡ್‌ನ ಪಡೆಗೂ ಭಾರಿ ಕಾಳಗವಾಯಿತು. ಮುಂದಿನ ವರ್ಷ ಸುಮಾರು 6,000 ಸವಾರರೊಂದಿಗೆ ಅವನು ಮದ್ರಾಸಿನ ಬಾಗಿಲಿಗೇ ಹೋಗಿ ನಿಂತ. 1769ರ ಏಪ್ರಿಲ್‌ನಲ್ಲಿ ಕಂಪನಿ ಒಪ್ಪಂದಕ್ಕೆ ಬಂತು. ಒಬ್ಬರ ಮೇಲೆ ದಾಳಿಯಾದರೆ ಇನ್ನೊಬ್ಬರು ನೆರವಿಗೆ ಬರಬೇಕು ಎಂಬುದು ಅದರ ಕರಾರು. ಮರಾಠರು ಮೇಲೆ ಬಿದ್ದಾಗ ಕಂಪನಿ ಬರಲಿಲ್ಲ. ಆ ಸಿಟ್ಟನ್ನು ಅವನು 1780ರಲ್ಲಿ ತೀರಿಸಿಕೊಂಡ. ಪೊಳ್ಳಿಲೂರಿನಲ್ಲಿ ಕರ್ನಲ್ ಬೈಲಿಯ ಪಡೆ ನಾಶವಾಯಿತು. ಅದರ ಜೊತೆಗೆ ಮದ್ರಾಸ್ ಸುತ್ತಲಿನ ಹಳ್ಳಿಗಳೂ ಸುಟ್ಟು ಬೂದಿಯಾದವು. ಪೊಳ್ಳಿಲೂರಿನ ಗೆಲುವು ಹಾಡುವವರು ಆ ಹಳ್ಳಿಗಳನ್ನೂ ನೆನೆಯಬೇಕು.

1782ರ ಡಿಸೆಂಬರ್ 7ರಂದು ಚಿತ್ತೂರಿನ ಹತ್ತಿರದ ಪಾಳೆಯದಲ್ಲಿ, ಬೆನ್ನಿನ ಹುಣ್ಣಿನಿಂದ ಹೈದರ್ ಸತ್ತ. ಮಗ ಟಿಪ್ಪು ದೂರದ ಮಲಬಾರಿನಲ್ಲಿದ್ದ. ಸುದ್ದಿ ಹೊರಬಿದ್ದರೆ ಸೇನೆ ಒಡೆಯುವ ಭಯ. ಖಜಾನೆಯ ಕೆಲಸ ನೋಡುತ್ತಿದ್ದ ಪೂರ್ಣಯ್ಯ, ಕೃಷ್ಣರಾವ್ ಸೇರಿ ಸಾವನ್ನು ಮುಚ್ಚಿಟ್ಟರು. ಮುಂದೆ ಇದೇ ಪೂರ್ಣಯ್ಯನವರು ಮೈಸೂರಿನ ದಿವಾನರಾದರು. ಪಾಪನಪಲ್ಲಿ ಅಂತಿದ್ದ ಊರು ಶ್ರೀನಿವಾಸಪುರವಾದದ್ದು ಅವರ ಮಗನ ಹೆಸರಿನಿಂದ. ಹೈದರನ ಹೆಣವನ್ನು ಸುಗಂಧದ್ರವ್ಯ ತುಂಬಿದ ದೊಡ್ಡ ಪೆಟ್ಟಿಗೆಯಲ್ಲಿಟ್ಟು, ಲೂಟಿಯ ಬೆಲೆಬಾಳುವ ಸಾಮಾನು ಸಾಗಿಸುವ ಹಾಗೆ ಕಾವಲು ಹಾಕಿ ಕೋಲಾರಕ್ಕೆ ಕಳಿಸಿದರು. ಅಪ್ಪನ ಮಕ್ಬರಾದಲ್ಲಿ ಕೆಲಕಾಲ ಅವನನ್ನು ಮಲಗಿಸಿದರು. ಆಮೇಲೆ ಶ್ರೀರಂಗಪಟ್ಟಣದ ಗುಂಬಜ್‌ಗೆ ಒಯ್ದರು.

ಟಿಪ್ಪು ನಾಣ್ಯದ ಮುಖವನ್ನೇ ಬದಲಿಸಿದ. ಬೆಳ್ಳಿಯನ್ನು ದೊಡ್ಡದಾಗಿ ತಂದ. ಅವನ ಎರಡು ರೂಪಾಯಿಯ ಬೆಳ್ಳಿ ನಾಣ್ಯ, ಹೈದರಿ, ನನ್ನ ಅರ್ಧ ಡಾಲರಿನ ಪಕ್ಕ ಇಟ್ಟರೆ ಚೆಂದದಲ್ಲಿ ಸೋಲೋದಿಲ್ಲ. ಅದರ ತುಂಬ ಫಾರಸಿ ಬರಹ, ಚಿತ್ರವಿಲ್ಲ. 1799ರ ನಂತರ ಮುಮ್ಮಡಿ ಕೃಷ್ಣರಾಜ ಒಡೆಯರ್ ಕಾಲಕ್ಕೆ ವರಹದ ಮೇಲೆ ಶಿವ ಪಾರ್ವತಿ ಮತ್ತೆ ಬಂದು ಕೂತರು.

ಹೀಗೆ ನೋಡಿದರೆ ಆ ಪುಟ್ಟ ವರಹ ಹೈದರ್ ಒಳ್ಳೆಯವನು ಅಂತಲೂ ಹೇಳೋದಿಲ್ಲ, ಕೆಟ್ಟವನು ಅಂತಲೂ ಹೇಳೋದಿಲ್ಲ. ಅವನು ಯಾರನ್ನು ಒಪ್ಪಿಸಬೇಕಾಗಿತ್ತು ಅನ್ನೋದನ್ನು ಹೇಳುತ್ತೆ. ಅರಸರನ್ನು ಕೂರಿಸಿ ಇಳಿಸಬಲ್ಲ, ರಾಣಿಯನ್ನು ಸೆರೆಗೆ ಹಾಕಬಲ್ಲ ಮನುಷ್ಯ ಕೂಡ ಸಂತೆಯಲ್ಲಿ ಕೂತ ಜನರ ಮುಂದೆ ಒಂದು ಹೆಜ್ಜೆ ಹಿಂದೆ ಸರಿಯಬೇಕಾಯಿತು. ಅಧಿಕಾರದ ಜೊತೆ ವಾದಕ್ಕೆ ನಿಂತವರು ನಾವು ನೀವೆಲ್ಲ ಗಮನಿಸಬೇಕಾದ ಜಾಗ ಅದೇ ಅನ್ಸುತ್ತೆ. ಆಳುವವರ ಎದೆಯಲ್ಲಿ ಏನಿದೆ ಅನ್ನೋ ಜಗಳ ಮುಗಿಯೋದಿಲ್ಲ. ಯಾರಿಗೆ ಹೆದರಿ, ಯಾರ ನಂಬಿಕೆ ಬೇಕಾಗಿ ಅವರು ಏನನ್ನು ಮುಟ್ಟದೆ ಬಿಟ್ಟರು ಅಂತ ಕೇಳಿದರೆ ಉತ್ತರ ಸಿಗುತ್ತೆ. ಇವತ್ತು ಆಳುವವರು ಯಾವುದನ್ನು ಮುಟ್ಟಲು ಹೆದರುತ್ತಾರೆ, ಯಾವುದಕ್ಕೆ ಹೆದರೋದನ್ನೇ ಬಿಟ್ಟಿದ್ದಾರೆ ಅಂತಲೂ ಕೇಳಬಹುದು.

ಕೋಲಾರಕ್ಕೆ ಬಂದರೆ ಕೋಲಾರಮ್ಮನ ಗುಡಿ ನೋಡ್ತೀರಿ. ಹಾಗೇ ಆ ಮಕ್ಬರಾಕ್ಕೂ ಒಂದು ಸಲ ಹೋಗಿ ಬನ್ನಿ. ಒಂದೇ ಅಕ್ಷರ ಬಲ್ಲವನು ಕೆಲವು ದಿನ ಅಲ್ಲೇ ಮಲಗಿದ್ದ.