ಜ್ವರದಲ್ಲಿ ಔಷಧ ಕಂಡ ಶಸ್ತ್ರವೈದ್ಯ

ಇಮ್ಯುನೊಥೆರಪಿಯೆಂದರೆ ಕಷಾಯದಂತೆ ಶಕ್ತಿ ತುಂಬುವ ಚಿಕಿತ್ಸೆಯೆಂಬ ಭಾವನೆ ರಾಜಾಜಿನಗರದ ನನ್ನ ನೆರೆಹೊರೆಯಲ್ಲೂ ಇದೆ. ಆಗೆಲ್ಲ ನನಗೆ ನೆನಪಾಗುವವರು ನ್ಯೂಯಾರ್ಕಿನ ಶಸ್ತ್ರವೈದ್ಯ ವಿಲಿಯಂ ಕೋಲಿ (1862–1936). ಕ್ಯಾನ್ಸರ್ ಪೀಡಿತಳಾದ ಹದಿನೇಳರ ಬೆಸ್ಸಿಯ ಕೈ ಕತ್ತರಿಸಿಯೂ ಆಕೆಯನ್ನು ಉಳಿಸಲಾಗದ ನೋವು 1891ರಲ್ಲಿ ಅವರನ್ನು ಕಲಕಿತು. ಚರ್ಮಸೋಂಕಿನ ಜ್ವರದ ಬಳಿಕ ಗೆಡ್ಡೆ ಕರಗಿದ ರೋಗಿಯೊಬ್ಬನ ದಾಖಲೆ ಕಂಡು, ಅದೇ ವರ್ಷ ಬ್ಯಾಕ್ಟೀರಿಯಾ ಚುಚ್ಚಿ ಜ್ವರ ಬರಿಸತೊಡಗಿದರು. ಕೆಲವರು ಗುಣಮುಖರಾದರು, ಕೆಲವರು ಸೋಂಕಿಗೇ ಬಲಿಯಾದರು. ಕಾರಣ ವಿವರಿಸಲಾಗದ ಆ ವಿಧಾನ ವಿಕಿರಣ ಚಿಕಿತ್ಸೆಯ ಮುಂದೆ ಮೂಲೆಗುಂಪಾಯಿತು. ರೋಗನಿರೋಧಕ ಕಣಗಳ ಮೇಲಿನ ತಡೆಯನ್ನು ಸಡಿಲಿಸುವ ಬಗೆ ತೋರಿದ ಆಲಿಸನ್, ಹೊಂಜೊ ಅವರಿಗೆ 2018ರಲ್ಲಿ ನೊಬೆಲ್ ಸಂದಿತು. ಆದರೂ ಈ ಚಿಕಿತ್ಸೆ ಎಲ್ಲರಿಗೂ ಫಲಿಸದು. ಕೆರಳಿದ ಕಣಗಳು ಸ್ವಂತ ಅಂಗಗಳನ್ನೂ ಘಾಸಿಗೊಳಿಸಬಲ್ಲವು. ದುಬಾರಿ ಚುಚ್ಚುಮದ್ದಿಗೆ ಮನೆ ಅಡವಿಡುವ ಮುನ್ನ, ಇದು ಈ ರೋಗಿಗೆ ಒಗ್ಗುವುದೇ ಎಂದು ವೈದ್ಯರನ್ನು ಕೇಳುವುದು ಅವಿಶ್ವಾಸವಲ್ಲ, ವಿವೇಕ.