ಸೋದರಿಯ ಹೆಸರು ಹೊತ್ತ ಆರೋಗ್ಯಧಾಮ

ನಾನು ಚಿಕ್ಕವನಾಗಿದ್ದಾಗ, ಕನ್ನಂಬಾಡಿಗೆ ಹೋಗುವ ಬಸ್ಸು ಮೈಸೂರಿನ ಅಂಚಿಗೆ ಬಂತೆಂದರೆ ನಮ್ಮ ಅಜ್ಜಿ ಸೆರಗನ್ನು ಮೂಗಿಗೆ ಒತ್ತಿಕೊಳ್ಳುತ್ತಿದ್ದರು. ನಾನೂ ನನ್ನ ತಮ್ಮನೂ ಉಸಿರು ಬಿಗಿಹಿಡಿದು ಕೂರುತ್ತಿದ್ದೆವು. ರಸ್ತೆಯ ಪಕ್ಕದ ವಿಶಾಲವಾದ ಆವರಣದಲ್ಲಿ ಕ್ಷಯರೋಗಿಗಳಿದ್ದಾರೆಂಬ ಭಯ. ಊರವರು ಪಿ.ಕೆ. ಸ್ಯಾನಿಟೋರಿಯಂ ಎಂದು ಚುಟುಕಾಗಿ ಕರೆಯುವ ಆ ಹೆಸರಿನೊಳಗೆ ಒಬ್ಬ ರಾಜಕುಮಾರಿ ಇದ್ದಾರೆಂಬುದು ನನಗೆ ತಿಳಿದುದು ಬಹಳ ತಡವಾಗಿ. ಅವರು ಕೃಷ್ಣಾಜಮ್ಮಣ್ಣಿ, ನಾಲ್ವಡಿ ಕೃಷ್ಣರಾಜ ಒಡೆಯರ ಸೋದರಿ.

ನಾಲ್ವಡಿಯವರೆಂದರೆ ಕನ್ನಂಬಾಡಿ ಕಟ್ಟೆ, ವಿಶ್ವವಿದ್ಯಾನಿಲಯ, ದಸರೆಯ ಅಂಬಾರಿ; ಇದನ್ನೆಲ್ಲ ನಾವು ಪಾಠಶಾಲೆಯಲ್ಲೇ ಕಲಿತಿದ್ದೇವೆ. ಅವರ ಬಾಳಿಗೆ ಇನ್ನೊಂದು ಮಗ್ಗುಲಿದೆ. 1884ರ ಜೂನ್ 4ರಂದು ಹುಟ್ಟಿದ ಅವರಿಗೆ ಇನ್ನೂ ಹತ್ತು ವರ್ಷ. 1894ರ ಡಿಸೆಂಬರಿನಲ್ಲಿ ತಂದೆ ಚಾಮರಾಜೇಂದ್ರ ಒಡೆಯರು ಕಲ್ಕತ್ತೆಯಲ್ಲಿ ಗಂಟಲಮಾರಿಗೆ ತುತ್ತಾದರು. ಗಂಟಲಿನಲ್ಲಿ ಪೊರೆ ಬೆಳೆದು ಗಾಳಿಯ ದಾರಿಯನ್ನೇ ಮುಚ್ಚಿಬಿಡುವ ರೋಗವದು. ತಂದೆಗೆ ಆಗ ಮೂವತ್ತೊಂದು. ಮರುವರ್ಷ ಫೆಬ್ರುವರಿ 1ರಂದು ಬಾಲಕನಿಗೆ ಪಟ್ಟವಾಯಿತು. 1902ರವರೆಗೆ ತಾಯಿ ಕೆಂಪನಂಜಮ್ಮಣ್ಣಿಯವರೇ ರಾಜ್ಯಭಾರವನ್ನು ಹೊತ್ತರು.

ಆ ಪಟ್ಟಾಭಿಷೇಕದ ವರ್ಷ, 1895ರ ನವೆಂಬರಿನಲ್ಲಿ, ಜರ್ಮನಿಯ ರಾಂಟ್ಜೆನ್ ಎಕ್ಸ್-ಕಿರಣವನ್ನು ಕಂಡುಹಿಡಿದ. ಎದೆಯನ್ನು ಸೀಳದೆ ಶ್ವಾಸಕೋಶವನ್ನು ನೋಡುವ ಕಣ್ಣು ಮನುಷ್ಯನಿಗೆ ದೊರೆಯಿತು. ಕ್ಷಯದ ಕ್ರಿಮಿಯನ್ನು ಕಾಕ್ 1882ರಲ್ಲೇ ಗುರುತಿಸಿದ್ದ. ಕಂಡರೇನು, ಮದ್ದಿರಲಿಲ್ಲ. ಕೃಷ್ಣಾಜಮ್ಮಣ್ಣಿಯವರಿಗಾಗಿ ಕಟ್ಟಿಸಿದ ಕಾರಂಜಿ ಮಹಲು ಇಂದಿಗೂ ಮೈಸೂರಿನಲ್ಲಿ ನಿಂತಿದೆ. ಕ್ಷಯವು ಬಡವರ ರೋಗವೆಂದು ಹೇಳುವವರು ಆ ಮಹಲನ್ನೊಮ್ಮೆ ನೋಡಬೇಕು. ಅದರ ಒಡತಿಯನ್ನೂ ಅವರ ಹೆಣ್ಣುಮಕ್ಕಳನ್ನೂ ಕ್ಷಯವೇ ಕೊಂಡೊಯ್ದಿತು.

ನಾಲ್ವಡಿಯವರು ವೀಣೆ, ಪಿಟೀಲುಗಳನ್ನಲ್ಲದೆ ಕೊಳಲು, ನಾದಸ್ವರ, ಸ್ಯಾಕ್ಸೋಫೋನುಗಳನ್ನೂ ನುಡಿಸಬಲ್ಲವರಾಗಿದ್ದರು. ಎದೆ ತುಂಬ ಉಸಿರೆಳೆದು ಅದನ್ನು ಅಳತೆಯಾಗಿ ಬಿಡುವುದನ್ನು ಬಲ್ಲ ಆ ಸಂಗೀತಗಾರರು ಒಡಹುಟ್ಟಿದವಳ ಕೆಮ್ಮನ್ನು ಹೇಗೆ ಕೇಳಿಸಿಕೊಂಡರೋ, ನಾನು ಊಹಿಸಲಾರೆ. ಅವರು ಮಾಡಿದ್ದು ಮಾತ್ರ ನಮ್ಮ ಕಣ್ಣೆದುರಿಗಿದೆ. 1921ರಲ್ಲಿ ಆಕೆಯ ಹೆಸರಿನ ಆರೋಗ್ಯಧಾಮ ಆರಂಭವಾಯಿತು. 1924ರಲ್ಲಿ ಬೆಂಗಳೂರಿನಲ್ಲಿ ತೊಡಗಿದ ವೈದ್ಯಕೀಯ ಕಾಲೇಜು 1930ರಲ್ಲಿ ಮೈಸೂರಿಗೆ ಬಂತು.

ಆ ಕಾಲದಲ್ಲಿ ಜಗತ್ತಿನ ಆರೋಗ್ಯಧಾಮಗಳು ಕೊಡಬಲ್ಲವಾಗಿದ್ದುದು ಬಿಸಿಲು, ಗಾಳಿ, ಪುಷ್ಟಿಯಾದ ಊಟ, ವಿಶ್ರಾಂತಿ. ಇದರ ಮೇಲೆ ಇಟಲಿಯ ಫೋರ್ಲಾನೀನಿ ಒಂದು ವಿಚಿತ್ರ ಉಪಾಯವನ್ನು ಸೇರಿಸಿದ್ದ. ಶ್ವಾಸಕೋಶಕ್ಕೂ ಎದೆಗೂಡಿಗೂ ನಡುವೆ ಸೂಜಿಯಿಂದ ಅನಿಲವನ್ನು ತುಂಬಿಸಿ, ಹುಣ್ಣಾದ ಶ್ವಾಸಕೋಶವನ್ನು ಕುಗ್ಗಿಸುವುದು. ಕುಗ್ಗಿದ್ದು ದುಡಿಯದು, ದುಡಿಯದ ಹುಣ್ಣು ಮಾಯಲು ಅವಕಾಶವಾಗುತ್ತದೆ. ಎಷ್ಟು ತುಂಬಬೇಕೆಂಬುದರಲ್ಲೇ ಎಲ್ಲ ವಿದ್ಯೆ. ಕಡಮೆಯಾದರೆ ಹುಣ್ಣು ಮುಚ್ಚದು, ಹೆಚ್ಚಾದರೆ ರೋಗಿಗೆ ಏದುಸಿರು. ವೈದ್ಯರು ಅದನ್ನು ಎಕ್ಸ್-ರೇಯಲ್ಲಿ ನೋಡಿ ನೋಡಿ ನಿರ್ಣಯಿಸುತ್ತಿದ್ದರು.

ಇದು ಹಳೆಯ ಕಾಲದ ಕಥೆಯೆಂದೇ ಎಣಿಸಿದ್ದೆ. ಕೆಲವು ವರ್ಷಗಳ ಹಿಂದೆ, ಬಸ್ಸಿನಲ್ಲಿ ನನ್ನೊಡನೆ ಉಸಿರು ಹಿಡಿಯುತ್ತಿದ್ದ ಆ ತಮ್ಮನೇ ನ್ಯುಮೋನಿಯಾದಿಂದ ವೆಂಟಿಲೇಟರಿನ ಮೇಲೆ ಮಲಗಿದ. ವೈದ್ಯರು ಮೊದಲು ಟೇಪು ಹಿಡಿದು ಅವನ ಎತ್ತರವನ್ನು ಅಳೆದರು. ಮನುಷ್ಯ ದಪ್ಪನಾದರೆ ಶ್ವಾಸಕೋಶ ದೊಡ್ಡದಾಗುವುದಿಲ್ಲ, ಅದು ಎತ್ತರವನ್ನು ಅನುಸರಿಸುತ್ತದೆ ಎಂದು ವಿವರಿಸಿದರು. ಎತ್ತರಕ್ಕೆ ತಕ್ಕ ತೂಕದ ಪ್ರತಿ ಕಿಲೋಗೆ 6 ಮಿಲಿಲೀಟರಿನಂತೆ ಲೆಕ್ಕ ಹಾಕಿ, ಒಂದು ಉಸಿರಿಗೆ ಸುಮಾರು 400 ಎಂದು ಗೊತ್ತುಮಾಡಿದರು. ಅಷ್ಟು ದೊಡ್ಡ ಯಂತ್ರವಿದ್ದೂ ಇಷ್ಟು ಕಡಮೆ ಗಾಳಿಯೇ ಎಂದು ನಾನು ವಾದಿಸಿದೆ. ನೀರು ತುಂಬಿದ ಭಾಗಗಳಿಗೆ ಗಾಳಿ ಹೋಗುವುದಿಲ್ಲ. ಉಳಿದಿರುವುದು ಮಗುವಿನ ಶ್ವಾಸಕೋಶದಷ್ಟು. ಹೆಚ್ಚು ತುಂಬಿದರೆ ಆ ಒಳ್ಳೆಯ ಭಾಗವೇ ಹಿಗ್ಗಿ ಕೆಡುತ್ತದೆ ಎಂದರು. ಅಮೆರಿಕದಲ್ಲಿ 861 ರೋಗಿಗಳ ಮೇಲೆ ನಡೆದ ಪರೀಕ್ಷೆಯ ಫಲ 2000ದಲ್ಲಿ ಪ್ರಕಟವಾಯಿತು. ಕಿಲೋಗೆ 12ರಂತೆ ಗಾಳಿ ಕೊಟ್ಟವರಲ್ಲಿ ನೂರಕ್ಕೆ ಸುಮಾರು 40 ಮಂದಿ ಸತ್ತಿದ್ದರು, 6ರಂತೆ ಕೊಟ್ಟವರಲ್ಲಿ 31. ಮನೆಗೆ ಬಂದು ಫೋರ್ಲಾನೀನಿಯನ್ನು ನೆನೆದೆ. ರೋಗ ಬೇರೆ, ಸಲಕರಣೆ ಬೇರೆ. ಆದರೆ ಬೆಂದ ಶ್ವಾಸಕೋಶವನ್ನು ದುಡಿಸಬಾರದೆಂಬ ಅನುಕಂಪ ಎರಡರಲ್ಲೂ ಒಂದೇ.

ತಮ್ಮ ಬದುಕಿದ. ಆಮೇಲೆ ಎಕ್ಸ್-ರೇ ತೆಗೆಯುವಾಗ ಉಸಿರನ್ನು ಪೂರ್ತಿ ಎಳೆದು ಹಿಡಿದುಕೊಳ್ಳಬೇಕೆಂದರು. ಅರ್ಧ ಉಸಿರಿನಲ್ಲಿ ತೆಗೆದ ಚಿತ್ರದಲ್ಲಿ ಶ್ವಾಸಕೋಶದ ಬುಡ ಮುದುಡಿ, ಇಲ್ಲದ ರೋಗವೂ ನೆರಳಾಗಿ ಕಾಣುತ್ತದಂತೆ. ಅವನು ಎರಡನೆಯ ಸಲಕ್ಕೆ ಸರಿಯಾಗಿ ಹಿಡಿದ.

ಇತ್ತ ನಾಲ್ವಡಿಯವರಿಗೆ ಕೊನೆಯ ವರ್ಷವೂ ಸುಖದ್ದಾಗಿರಲಿಲ್ಲ. 1940ರ ಮಾರ್ಚಿಯಲ್ಲಿ ತಮ್ಮ ಯುವರಾಜ ಕಂಠೀರವ ನರಸಿಂಹರಾಜ ಒಡೆಯರು ಮುಂಬಯಿಯಲ್ಲಿ ತೀರಿಕೊಂಡರು. ಐದು ತಿಂಗಳು ಕಳೆಯುವುದರೊಳಗೆ, ಆಗಸ್ಟ್ 3ರಂದು, ಮಹಾರಾಜರೂ ಬೆಂಗಳೂರಿನಲ್ಲಿ ಹೃದಯದ ಕಾಯಿಲೆಯಿಂದ ಕಣ್ಣು ಮುಚ್ಚಿದರು. ಐವತ್ತಾರು ವರ್ಷದ ಬಾಳು. ಕ್ಷಯಕ್ಕೆ ಮೊದಲ ನಿಜವಾದ ಔಷಧಿ ಸ್ಟ್ರೆಪ್ಟೋಮೈಸಿನ್ ಅಮೆರಿಕದ ಪ್ರಯೋಗಶಾಲೆಯೊಂದರಲ್ಲಿ ದೊರೆತದ್ದು 1943ರಲ್ಲಿ.