ಬಿದ್ದು ಏಳೋದನ್ನ ಕಲಿಸಿದ ಕೋಚ್: ಹಿರೊಬುಮಿ ದೈಮಾತ್ಸು

ನಮ್ಮ ಹಾಸ್ಟೆಲ್ ಹಿಂದಿನ ವಾಲಿಬಾಲ್ ಕೋರ್ಟಲ್ಲಿ ಸಂಜೆ ಆಟ ನೋಡಿದ್ದೀರಲ್ವಾ? ಎಲ್ಲರಿಗೂ ಸ್ಮ್ಯಾಶ್ ಹೊಡೆಯೋದೇ ಬೇಕು. ನೆಲಕ್ಕೆ ಬೀಳ್ತಿರೋ ಬಾಲನ್ನ ಹಾರಿ ಎತ್ತೋಕೆ ಮಾತ್ರ ಯಾರೂ ರೆಡಿ ಇಲ್ಲ. ಮಂಡಿ ತರಚುತ್ತೆ, ಪ್ಯಾಂಟ್ ಹರಿಯುತ್ತೆ, ಮೇಲಾಗಿ ಎದ್ದು ನಿಲ್ಲೋ ಹೊತ್ತಿಗೆ ಬಾಲ್ ವಾಪಸ್ ಬಂದಿರುತ್ತೆ. ಇದೇ ಸಮಸ್ಯೆ ಇಟ್ಕೊಂಡು ವರ್ಷಗಟ್ಟಲೆ ತಲೆ ಕೆಡಿಸಿಕೊಂಡ ಒಬ್ಬ ಮನುಷ್ಯನ ಕಥೆ ಇದು. ಹೆಸರು ಹಿರೊಬುಮಿ ದೈಮಾತ್ಸು. ಜಪಾನಿನವರು. ಪತ್ರಿಕೆಗಳು ಅವರಿಗೆ ಇಟ್ಟ ಹೆಸರು ರಾಕ್ಷಸ ದೈಮಾತ್ಸು.

ಹುಟ್ಟಿದ್ದು 1921ರ ಫೆಬ್ರವರಿಯಲ್ಲಿ, ಶಿಕೊಕು ದ್ವೀಪದ ಕಗಾವಾ ಪ್ರಾಂತ್ಯದಲ್ಲಿ. ಕ್ವಾನ್ಸೆಯ್ ಗಕುಯಿನ್ ವಿಶ್ವವಿದ್ಯಾಲಯದಲ್ಲಿ ಓದುವಾಗ ವಾಲಿಬಾಲ್ ಆಡ್ತಿದ್ರು. 1941ರಲ್ಲಿ ಓದು ಮುಗಿಸಿ ಒಂದು ದೊಡ್ಡ ನೂಲಿನ ಗಿರಣಿ ಕಂಪನಿಗೆ ಕೆಲಸಕ್ಕೆ ಸೇರಿದರು. ಮುಂದೆ ನಿಚಿಬೊ ಅಂತ ಹೆಸರಾದದ್ದು ಅದೇ ಕಂಪನಿ. ಆದರೆ ಕೆಲಸದಲ್ಲಿ ಕೂರೋ ಮುಂಚೆಯೇ ಯುದ್ಧಕ್ಕೆ ಕರೆ ಬಂತು.

ಅವರು ಹೋಗಿ ತಲುಪಿದ್ದು ನಮ್ಮ ಮಣಿಪುರದ ಕಡೆಗೆ. 1944ರಲ್ಲಿ ಜಪಾನ್ ಸೇನೆ ಬರ್ಮಾದಿಂದ ಬೆಟ್ಟಗಳನ್ನ ದಾಟಿ ಇಂಫಾಲದ ಮೇಲೆ ದಾಳಿ ಮಾಡಿತು. ಊಟ, ಔಷಧಿ ಹಿಂದಿನಿಂದ ಬರೋ ವ್ಯವಸ್ಥೆ ಸರಿಯಾಗಿ ಇರಲೇ ಇಲ್ಲ. ಮಳೆಗಾಲ ಶುರುವಾಯ್ತು. ಗುಂಡಿಗೆ ಸತ್ತವರಿಗಿಂತ ಹಸಿವು, ಮಲೇರಿಯಾ, ಭೇದಿಗೆ ಸತ್ತವರೇ ಜಾಸ್ತಿ. ಸಾವಿರಾರು ಜನ ವಾಪಸ್ ಹೋಗೋ ದಾರಿಯಲ್ಲೇ ಬಿದ್ದುಹೋದರು. ತುಕಡಿಯೊಂದರ ನಾಯಕನಾಗಿದ್ದ ದೈಮಾತ್ಸು ಬದುಕಿ ಉಳಿದರು. ಆಮೇಲೆ ಬ್ರಿಟಿಷರ ಯುದ್ಧ ಕೈದಿಯಾಗಿ ಇದ್ದು ಊರಿಗೆ ಮರಳಿದರು. ಮನುಷ್ಯನ ದೇಹ ತಾನು ಅಂದುಕೊಂಡಿದ್ದಕ್ಕಿಂತ ಎಷ್ಟೋ ಹೆಚ್ಚು ತಡೆದುಕೊಳ್ಳುತ್ತೆ ಅನ್ನೋ ಅವರ ಮೊಂಡು ನಂಬಿಕೆಗೆ ಬೇರು ಅಲ್ಲೇ ಇರಬೇಕು ಅಂತ ನಂಗನ್ಸುತ್ತೆ. ಆ ನಂಬಿಕೆ ಎಷ್ಟು ಸರಿ ಅನ್ನೋದು ಬೇರೆ ಪ್ರಶ್ನೆ. ಅದಕ್ಕೆ ಕೊನೆಗೆ ಬರ್ತೀನಿ.

ಐವತ್ತರ ದಶಕದಲ್ಲಿ ನಿಚಿಬೊ ಕಂಪನಿ ಒಸಾಕಾ ಹತ್ತಿರದ ಕೈಜುಕಾ ಗಿರಣಿಯಲ್ಲಿ ಮಹಿಳಾ ವಾಲಿಬಾಲ್ ತಂಡ ಕಟ್ಟಿ ದೈಮಾತ್ಸು ಅವರನ್ನ ಕೋಚ್ ಮಾಡಿತು. ಆಟಗಾರ್ತಿಯರು ಯಾರೂ ವೃತ್ತಿಪರರಲ್ಲ, ಕಂಪನಿಯ ಉದ್ಯೋಗಿಗಳು. ಬೆಳಗ್ಗೆಯಿಂದ ಮಧ್ಯಾಹ್ನದವರೆಗೆ ಕೆಲಸ, ಸಂಜೆಯಿಂದ ಪ್ರಾಕ್ಟೀಸ್. ಅದು ಮುಗಿಯೋದು ರಾತ್ರಿ ಹನ್ನೆರಡಕ್ಕೆ, ಕೆಲವೊಮ್ಮೆ ಅದಕ್ಕೂ ತಡವಾಗಿ. ಮತ್ತೆ ಬೆಳಗ್ಗೆ ಕೆಲಸ. ದೈಮಾತ್ಸು ಕೂಡ ಅದೇ ಕಂಪನಿಯ ನೌಕರ, ಹಗಲು ಅವರಿಗೂ ಆಫೀಸು ಇತ್ತು.

ಆಗ ಜಪಾನಿನಲ್ಲಿ ಹೆಚ್ಚಾಗಿ ಆಡ್ತಿದ್ದದ್ದು ಒಂಬತ್ತು ಜನರ ವಾಲಿಬಾಲ್. ಅದರಲ್ಲಿ ಜಾಗ ಬದಲಿಸೋ ರೊಟೇಶನ್ ಇಲ್ಲ, ಯಾರ ಜಾಗ ಅವರಿಗೇ. ಕೈಜುಕಾ ತಂಡ ದೇಶದೊಳಗೆ ದೊಡ್ಡ ಟೂರ್ನಿಗಳನ್ನೆಲ್ಲ ಗೆದ್ದುಬಿಟ್ಟಿತು. ಆದರೆ ಉಳಿದ ಪ್ರಪಂಚ ಆಡ್ತಿದ್ದದ್ದು ಆರು ಜನರ ಆಟ. ದೈಮಾತ್ಸು ತಂಡವನ್ನ ಅದಕ್ಕೆ ತಿರುಗಿಸಿದರು. 1960ರಲ್ಲಿ ಬ್ರೆಜಿಲ್‌ನಲ್ಲಿ ನಡೆದ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಜಪಾನ್ ಎರಡನೇ ಸ್ಥಾನ ಪಡೆಯಿತು. ಮೊದಲ ಸ್ಥಾನ ಸೋವಿಯತ್ ಒಕ್ಕೂಟದ್ದು. ಆ ಹುಡುಗೀರು ಎತ್ತರ, ಅವರ ಸ್ಮ್ಯಾಶ್ ಭಾರ.

ಇಲ್ಲಿಂದ ಕಥೆ ನಮ್ಮ ಥರದವರಿಗೆ ಇಂಟರೆಸ್ಟಿಂಗ್ ಆಗುತ್ತೆ. ಸ್ವಲ್ಪ ಲೆಕ್ಕ ಹಾಕಿ. ಒಂದು ತಂಡದ ಅಂಗಳ 9 ಮೀಟರ್ ಉದ್ದ, 9 ಮೀಟರ್ ಅಗಲ. ಒಟ್ಟು 81 ಚದರ ಮೀಟರ್. ಆರು ಜನಕ್ಕೆ ಹಂಚಿದರೆ ಒಬ್ಬೊಬ್ಬರಿಗೆ 13.5 ಚದರ ಮೀಟರ್. ಎತ್ತರ ಕಮ್ಮಿ ಇರೋ ತಂಡ ನೆಟ್ ಮೇಲೆ ಎದುರಾಳಿಯನ್ನ ಪೂರ್ತಿ ತಡೆಯೋಕಾಗಲ್ಲ. ಹಾಗಾಗಿ ಆ 13.5 ಚದರ ಮೀಟರಿನಲ್ಲಿ ಬಾಲ್ ನೆಲ ಮುಟ್ಟದ ಹಾಗೆ ನೋಡ್ಕೋಬೇಕು. ನಿಂತ ಕಡೆಯಿಂದ ಕೈ ಚಾಚಿದರೆ ಸಾಲದು, ಹಾರಬೇಕು. ಹಾರಿದರೆ ಬೀಳ್ತೀವಿ. ಬಿದ್ದರೆ ಮುಂದಿನ ಬಾಲಿಗೆ ಒಬ್ಬರು ಕಮ್ಮಿ.

ದೈಮಾತ್ಸು ಕಂಡುಕೊಂಡ ಉತ್ತರ ಉರುಳೋದು. ಎಷ್ಟು ತಳ್ಳಿದರೂ ಮತ್ತೆ ಎದ್ದು ನಿಲ್ಲೋ ಗೊಂಬೆ ಇರುತ್ತಲ್ಲ, ಜಪಾನಿನಲ್ಲೂ ಅಂಥದ್ದು ಇದೆ. ಅದರಿಂದ ಈ ಐಡಿಯಾ ಬಂತು ಅಂತಾರೆ. ಜೂಡೋದಲ್ಲಿ ಬೀಳೋ ರೀತಿಯೂ ಇದಕ್ಕೆ ಹತ್ತಿರ. ಹಾರಿ ಬಾಲನ್ನ ಎತ್ತಿ, ಭುಜದ ಮೇಲೆ ಉರುಳಿ, ಅದೇ ವೇಗದಲ್ಲಿ ಕಾಲ ಮೇಲೆ ನಿಲ್ಲೋದು. ಫಸ್ಟ್ ಇಯರ್ ಫಿಸಿಕ್ಸ್ ಇದು: ಒಂದೇ ಜಾಗಕ್ಕೆ ಒಂದೇ ಕ್ಷಣದಲ್ಲಿ ಬೀಳೋ ಪೆಟ್ಟು ಉರುಳೋದರಿಂದ ಹೆಚ್ಚು ಹೊತ್ತಿಗೆ, ಹೆಚ್ಚು ಜಾಗಕ್ಕೆ ಹಂಚಿಹೋಗುತ್ತೆ. ಇದ್ದ ವೇಗವೇ ಮೇಲೇಳೋಕೂ ಸಹಾಯ ಮಾಡುತ್ತೆ. ಹೇಳೋಕೆ ಸುಲಭ. ಆದರೆ ಮರದ ನೆಲದ ಮೇಲೆ ಇದು ಯೋಚನೆಯೇ ಇಲ್ಲದೆ ಆಗಬೇಕಾದರೆ ಸಾವಿರಾರು ಸಲ ಬೀಳಬೇಕು. ಕೈಜುಕಾದ ರಾತ್ರಿಗಳು ಹೋಗಿದ್ದು ಇದಕ್ಕೆ. ದೈಮಾತ್ಸು ತಾವೇ ನಿಂತು ಬಾಲ್ ಹೊಡೀತಿದ್ರು, ಒಂದರ ಹಿಂದೆ ಒಂದು, ಎಟುಕಿಯೂ ಎಟುಕದ ಜಾಗಕ್ಕೆ.

ಇನ್ನೊಂದು ಅಸ್ತ್ರ ಸರ್ವಿಸ್. ಬಾಲ್ ತಿರುಗದ ಹಾಗೆ ಹೊಡೆದರೆ ಅದರ ಸುತ್ತ ಗಾಳಿಯ ಹರಿವು ಒಂದೇ ಸಮ ಇರಲ್ಲ, ಹಾಗಾಗಿ ಬಾಲ್ ಗಾಳಿಯಲ್ಲೇ ಅಲುಗಾಡುತ್ತೆ, ತಟ್ಟನೆ ಕೆಳಗಿಳಿಯುತ್ತೆ. ಜಪಾನಿನವರು ಇದಕ್ಕೆ ಉದುರುವ ಎಲೆ ಅನ್ನೋ ಅರ್ಥದ ಹೆಸರಿಟ್ಟರು. ಫ್ಲೂಯಿಡ್ ಮೆಕ್ಯಾನಿಕ್ಸ್ ಪೇಪರ್ ಬರೆದು ಬಂದವರಿಗೆ ಇದು ತಕ್ಷಣ ಅರ್ಥ ಆಗುತ್ತೆ.

1961ರಲ್ಲಿ ಯುರೋಪ್ ಪ್ರವಾಸ ಹೋದ ತಂಡ ಒಂದೂ ಪಂದ್ಯ ಸೋಲದೆ ಬಂತು. ಅಲ್ಲಿನ ಪತ್ರಿಕೆಗಳಿಂದಾಗಿ ಇವರಿಗೆ ಪೂರ್ವದ ಮಾಟಗಾತಿಯರು ಅನ್ನೋ ಹೆಸರು ಅಂಟಿಕೊಂಡಿತು. 1962ರಲ್ಲಿ ಮಾಸ್ಕೋದಲ್ಲೇ, ಸೋವಿಯತ್ ತಂಡವನ್ನ ಅವರದೇ ಜನರ ಮುಂದೆ ಸೋಲಿಸಿ ವಿಶ್ವ ಚಾಂಪಿಯನ್ ಆದರು.

ಅಲ್ಲಿಗೆ ಸಾಕು ಅಂತ ಕೋಚ್‌ಗೂ ಇತ್ತು, ಆಟಗಾರ್ತಿಯರಿಗೂ ಇತ್ತು. ಕ್ಯಾಪ್ಟನ್ ಮಸಾಯೆ ಕಸಾಯಿಗೆ ಆಗಲೇ 29. ಆಗಿನ ಜಪಾನಿನಲ್ಲಿ ಆ ವಯಸ್ಸಿಗೆ ಮದುವೆ ಆಗಿಲ್ಲ ಅಂದ್ರೆ ಊರೆಲ್ಲ ಮಾತಾಡ್ತಿತ್ತು. ಆದರೆ 1964ರ ಟೋಕಿಯೋ ಒಲಿಂಪಿಕ್ಸ್‌ನಲ್ಲಿ ಮೊದಲ ಸಲ ವಾಲಿಬಾಲ್ ಸೇರಿಸಿದ್ದರು. ಮುಂದುವರಿಯಿರಿ ಅಂತ ದೇಶದ ಎಲ್ಲ ಕಡೆಯಿಂದ ಸಾವಿರಾರು ಪತ್ರ ಬಂದವು. ಮಾತುಕತೆ ಆಗಿ, ಕೊನೆಗೆ ಎಲ್ಲರೂ ಇನ್ನೆರಡು ವರ್ಷಕ್ಕೆ ಒಪ್ಪಿದರು.

1964ರ ಅಕ್ಟೋಬರ್ 23. ಅದೇ ದಿನ ಜೂಡೋದಲ್ಲಿ, ಅಂದರೆ ಜಪಾನಿನವರು ತಮ್ಮದೇ ಅಂದುಕೊಂಡಿದ್ದ ಆಟದಲ್ಲಿ, ಮುಕ್ತ ತೂಕದ ಚಿನ್ನ ನೆದರ್ಲೆಂಡ್ಸ್‌ನ ಆಂಟನ್ ಗೀಸಿಂಕ್ ಪಾಲಾಗಿತ್ತು. ಸಂಜೆ ವಾಲಿಬಾಲ್‌ನ ಕೊನೆಯ ಪಂದ್ಯ, ಎದುರಿಗೆ ಸೋವಿಯತ್ ತಂಡ. ತಂಡದ 12 ಜನರಲ್ಲಿ 10 ಜನ ಕೈಜುಕಾದವರು. ಮೊದಲೆರಡು ಸೆಟ್ 15-11, 15-8. ಮೂರನೇ ಸೆಟ್ ಗೆದ್ದೇಬಿಟ್ಟರು ಅನ್ನೋ ಹೊತ್ತಿಗೆ ಸೋವಿಯತ್ ತಂಡ ಒಂದೊಂದೇ ಪಾಯಿಂಟ್ ಹತ್ತಿ 13ಕ್ಕೆ ಬಂತು. ಕೊನೆಗೆ ಎದುರಾಳಿಯ ಕೈ ನೆಟ್ ದಾಟಿದ ಫೌಲಿನಿಂದ 15-13. ಟಿವಿ ರೇಟಿಂಗ್ 66.8 ಶೇಕಡಾ. ಜಪಾನಿನಲ್ಲಿ ಕ್ರೀಡೆಯ ಪ್ರಸಾರ ಅಷ್ಟು ರೇಟಿಂಗ್ ಕಂಡದ್ದು ತೀರಾ ಅಪರೂಪ. ಆಟಗಾರ್ತಿಯರು ತಬ್ಬಿಕೊಂಡು ಅಳ್ತಿದ್ದರೆ ದೈಮಾತ್ಸು ಕುಣಿಯಲಿಲ್ಲ, ಸುಮ್ಮನೆ ಇದ್ದರು.

ಒಲಿಂಪಿಕ್ಸ್ ಆದ ಮೇಲೆ ಅವರು ತಂಡ ಬಿಟ್ಟರು. ಕಸಾಯಿ ಕೂಡ ಆಟ ಬಿಟ್ಟರು. ಪ್ರಧಾನಿ ಐಸಾಕು ಸಾತೊ ಅವರೇ ಮುಂದೆ ನಿಂತು ಆಕೆಗೆ ಗಂಡು ತೋರಿಸಿ, 1965ರಲ್ಲಿ ಮದುವೆ ಆಯ್ತು. ಅದೇ ವರ್ಷ ಚೀನಾದ ಪ್ರಧಾನಿ ಚೌ ಎನ್‌ಲಾಯ್ ಕರೆದರು ಅಂತ ದೈಮಾತ್ಸು ಅಲ್ಲಿಗೆ ಹೋಗಿ ಮಹಿಳಾ ತಂಡಕ್ಕೆ ಸುಮಾರು ಒಂದು ತಿಂಗಳು ತರಬೇತಿ ಕೊಟ್ಟರು. ಆಗ ಎರಡೂ ದೇಶಗಳ ಮಧ್ಯೆ ರಾಜತಾಂತ್ರಿಕ ಸಂಬಂಧವೇ ಇರಲಿಲ್ಲ. 1968ರಲ್ಲಿ ಚುನಾವಣೆಗೆ ನಿಂತು ಸಂಸತ್ತಿನ ಮೇಲ್ಮನೆಗೆ ಹೋದರು, 1974ರಲ್ಲಿ ಸೋತರು. ರಾಜಕೀಯದ ಬಗ್ಗೆ ಹೇಳೋಕೆ ಇಷ್ಟೇ ಸಾಕು.

ಈಗ ಆ ಪ್ರಶ್ನೆಗೆ ಬರೋಣ. ರಾಕ್ಷಸ ಅನ್ನೋ ಹೆಸರು ಸುಮ್ಮನೆ ಬಂದಿದ್ದಲ್ಲ. ಹುಷಾರಿಲ್ಲ ಅಂದರೂ, ಮುಟ್ಟಿನ ದಿನ ಆದರೂ, ಗಾಯ ಆದರೂ ಪ್ರಾಕ್ಟೀಸ್ ನಿಲ್ಲಿಸ್ತಿರಲಿಲ್ಲ. ಬೈಗುಳವೂ ಇತ್ತು. ಆಗಲೇ ಹಲವರು ಇದನ್ನ ಕ್ರೌರ್ಯ ಅಂತ ಟೀಕಿಸಿದ್ದರು. ನಂಗೂ ಓದುವಾಗ ಇಷ್ಟ ಆಗಲಿಲ್ಲ. ಪಿಯುಸಿಯಲ್ಲಿ ರಾತ್ರಿ ಹನ್ನೊಂದರವರೆಗೆ ಸ್ಟಡಿ ಅವರ್ಸ್ ಅಂತ ಕೂರಿಸಿ, ತೂಕಡಿಸಿದರೆ ನಿಲ್ಲಿಸ್ತಿದ್ದ ಕಡೆ ನಾನೂ ಇದ್ದೆ. ಅಲ್ಲಿ ಕಲಿತದ್ದಕ್ಕಿಂತ ಹೆದರಿದ್ದೇ ಜಾಸ್ತಿ.

ಆದರೆ ಒಂದು ವ್ಯತ್ಯಾಸ ಕಾಣುತ್ತೆ. ನಮ್ಮನ್ನ ಕೂರಿಸಿದವರು ಬಾಗಿಲು ಹಾಕ್ಕೊಂಡು ಹೋಗಿ ಮಲಗ್ತಿದ್ರು. ದೈಮಾತ್ಸು ಮಧ್ಯರಾತ್ರಿವರೆಗೆ ಪ್ರತಿ ಬಾಲನ್ನೂ ತಾವೇ ಹೊಡೀತಿದ್ರು. ಗಂಟೆಗಳನ್ನ ಜಾಸ್ತಿ ಮಾಡೋ ಮೊದಲು ಸಮಸ್ಯೆ ಏನು ಅಂತ ಹುಡುಕಿದ್ದರು, ಅದಕ್ಕೆ ಉರುಳೋ ಉಪಾಯ ಕಂಡುಹಿಡಿದಿದ್ದರು. ಆಮೇಲೆ ಜಪಾನಿನಲ್ಲಿ ಎಷ್ಟೋ ಕೋಚ್‌ಗಳು ಅವರ ಬೈಗುಳ, ನಿದ್ದೆಗೇಡು ಎರಡನ್ನೇ ಕಾಪಿ ಹೊಡೆದರು. ಹೋಮ್‌ವರ್ಕಿನಲ್ಲಿ ಸ್ಟೆಪ್ಸ್ ಬಿಟ್ಟು ಆನ್ಸರ್ ಮಾತ್ರ ಕಾಪಿ ಮಾಡಿದ ಹಾಗೆ. ಇಷ್ಟಾದರೂ ಅವರ ಕ್ರಮ ಪೂರ್ತಿ ಸರಿ ಅಂತ ನಾನು ಹೇಳಲ್ಲ. ಗಾಯ ಆದವರನ್ನ ಆಡಿಸೋದು ಇವತ್ತಿಗೆ ತಪ್ಪೇ, ಅವತ್ತಿಗೂ ತಪ್ಪೇ. ಆದರೆ ಆ ಆಟಗಾರ್ತಿಯರು ಅಜ್ಜಿಯಂದಿರಾದ ಮೇಲೂ ಅವರ ಬಗ್ಗೆ ಪ್ರೀತಿಯಿಂದಲೇ ಮಾತಾಡಿದ್ದಾರೆ. 2021ರಲ್ಲಿ ಫ್ರೆಂಚ್ ನಿರ್ದೇಶಕರೊಬ್ಬರು ಅವರ ಮೇಲೆ ಮಾಡಿದ ಸಾಕ್ಷ್ಯಚಿತ್ರ ಇದೆ, ಸಿಕ್ಕರೆ ನೋಡಿ.

ಟೋಕಿಯೋ ಗೆಲುವಿನ ಆಮೇಲೆ ಜಪಾನಿನಲ್ಲಿ ಮದುವೆಯಾಗಿ ಮಕ್ಕಳಿರೋ ಹೆಂಗಸರೂ ಸಾವಿರಾರು ಸಂಖ್ಯೆಯಲ್ಲಿ ವಾಲಿಬಾಲ್ ಆಡೋಕೆ ಶುರು ಮಾಡಿದ್ರು. ದೈಮಾತ್ಸು ಊರೂರಿಗೆ ಹೋಗಿ ಅವರಿಗೆ ಹೇಳಿಕೊಡ್ತಿದ್ದರು. 1978ರ ನವೆಂಬರಿನಲ್ಲಿ ಹಾಗೇ ಕಲಿಸೋಕೆ ಒಕಾಯಾಮಾ ಪ್ರಾಂತ್ಯಕ್ಕೆ ಹೋಗಿದ್ದಾಗ ಹೃದಯಾಘಾತವಾಗಿ ತೀರಿಕೊಂಡರು. ವಯಸ್ಸು 57. ಅಷ್ಟೊತ್ತಿಗೆ ಅವರ ಮುಂದೆ ಆಡ್ತಿದ್ದದ್ದು ಮನೆ ಕೆಲಸ ಮುಗಿಸಿ ಬಂದ ಅಮ್ಮಂದಿರು.

ನಾಳೆ ಸಂಜೆ ಐದೂವರೆಗೆ ಕೋರ್ಟಿಗೆ ಬನ್ನಿ. ಸ್ಮ್ಯಾಶ್ ಹೊಡೆಯೋಕೆ ಜನ ಇದ್ದಾರೆ. ಹಿಂದಿನ ಸಾಲಲ್ಲಿ ನಿಂತು ಬಾಲ್ ಎತ್ತೋರು ಬೇಕು. ಉರುಳೋದನ್ನ ನಾನು ಹುಲ್ಲಿನ ಮೇಲೆ ಟ್ರೈ ಮಾಡ್ತಿದ್ದೀನಿ, ಇನ್ನೂ ಸರಿಯಾಗಿ ಬಂದಿಲ್ಲ.